ಹಗೇವಿಗೆ ಇಳಿಸಿದ ದೀಪ

ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ನೋಡಲು ಶಿಗ್ಗಾವಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಹೋಗುವ ಹೆಂಗಸು ನಾನು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ಹಾಂಗಲ್ ತಲುಪುವುದರೊಳಗೆ ಐದು ಸಲ ತಲೆ ಎಣಿಸುತ್ತೇನೆ. ಸ್ಟಾಫ್‌ರೂಮಿನಲ್ಲಿ ನನ್ನ ಹಿಂದೆ ಏನು ಆಡಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿದೆ. ಆಡಿಕೊಳ್ಳಲಿ ಎಂದು ಬಿಟ್ಟಿದ್ದೇನೆ. ಆದರೆ ಇಷ್ಟೆಲ್ಲ ಎಣಿಸುವ, ಎರಡೆರಡು ಸಲ ನೋಡುವ ನಾನು ನೋಡಲೇಬೇಕಾದ ಒಂದು ಕಡೆ ನೋಡಲಿಲ್ಲ. ಅದನ್ನು ಬರೆಯದೆ ನನಗೆ ಬೇರೇನನ್ನೂ ಬರೆಯಲು ಆಗುತ್ತಿಲ್ಲ.

ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ನಾವು ಕೆಲವು ಶಿಕ್ಷಕರು ಸೇರಿ ಹಾಂಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಇತಿಹಾಸ ಮತ್ತು ನೋಡತಕ್ಕ ಸ್ಥಳಗಳ ಬಗ್ಗೆ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಮಾಡುವುದೆಂದು ನಿರ್ಧರಿಸಿದೆವು. ಪ್ರವಾಸ ಎಂದರೆ ನಮ್ಮ ಮಕ್ಕಳು ದೂರದ ಊರುಗಳ ಹೆಸರು ಹೇಳುತ್ತಾರೆ. ನಮ್ಮಲ್ಲಿ ಏನಿದೆ ಟೀಚರ್, ಬರೀ ಬಯಲು, ಜಾಲಿಗಿಡ ಎನ್ನುತ್ತಾರೆ. ಆ ಮಾತಿಗೆ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತಿತ್ತು. ಬರೆಯುವ ಕೆಲಸ ನನ್ನ ತಲೆಗೆ ಬಿತ್ತು, ನಾನೂ ಬೇಡ ಅನ್ನಲಿಲ್ಲ.

ರವಿವಾರ ಬಂದರೆ ಸಾಕು, ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದೆ. ಹಾಂಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಕಲ್ಲಿನ ಕಮಲ ಅರಳಿದ ಛತ್ತನ್ನು ನೋಡುತ್ತ ಕುತ್ತಿಗೆ ಹಿಡಿದುಕೊಂಡಿತು. ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಭಾರಿ ಮರದ ಬುಡವನ್ನು ಅಳೆಯಲು ನನ್ನ ವಿದ್ಯಾರ್ಥಿನಿಯರು ಕೈಗೆ ಕೈ ಕೊಟ್ಟು ಸುತ್ತ ನಿಂತರು. ಒಬ್ಬಳ ಕೈ ಇನ್ನೊಬ್ಬಳಿಗೆ ಸಿಗದೆ ಕೊನೆಗೆ ನಾನೂ ಸೇರಬೇಕಾಯಿತು. ಬಂಕಾಪುರದ ಕೋಟೆಯೊಳಗೆ ತಗ್ಗಿನಲ್ಲಿ ಕುಳಿತ ಅರವತ್ತು ಕಂಬದ ಗುಡಿಯ ಕಂಬಗಳನ್ನು ಮೂರು ಸಲ ಎಣಿಸಿದೆ. ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ನವಿಲು ಕೂಗಿ ತಪ್ಪಿಸಿತು ಎಂದು ನೆಪ ಹೇಳಿದೆ. ಮಾಸೂರಿನ ಮದಗದ ಕೆರೆಯ ಏರಿಯ ಮೇಲೆ ನಿಂತು, ಇಷ್ಟು ನೀರಿಟ್ಟುಕೊಂಡು ಹಿರೇಕೆರೂರಿನವರು ನಮಗಿಂತ ಎಷ್ಟು ಸೊಕ್ಕಿನಿಂದ ಇರಬಹುದಿತ್ತು, ಪಾಪ ಇಲ್ಲ ಅಂದುಕೊಂಡೆ. ಗೊಟಗೋಡಿಯ ಉದ್ಯಾನದಲ್ಲಿ ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರನ್ನು ನೀರು ಎಲ್ಲಿದೆ ರೀ ಎಂದು ಕೇಳಿದೆ. ಅವರು ಸಿಮೆಂಟಿನವರಾಗಿದ್ದರು.

ಆ ಉದ್ಯಾನದಲ್ಲೇ ನನಗೆ ಹಗೇವಿನ ನೆನಪಾಯಿತು. ಅಲ್ಲಿ ಸಿಮೆಂಟಿನ ಗೊಂಬೆಗಳಲ್ಲಿ ಹಳ್ಳಿಯೊಂದರ ಬದುಕೆಲ್ಲ ಇದೆ. ರಾಶಿ ಮಾಡುವವರಿದ್ದಾರೆ, ರೊಟ್ಟಿ ಬಡಿಯುವವರಿದ್ದಾರೆ, ಕುರಿ ಕಾಯುವವರಿದ್ದಾರೆ. ಹಗೇವು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಹಗೇವೆಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ, ಒಳಗೆ ಎರಡಾಳು ಆಳ. ಸುತ್ತ ಹೊಟ್ಟು, ಹುಲ್ಲು ಹಾಕಿ ಜೋಳ ಸುರುವಿ, ಮೇಲೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಹಿಂದೆ ಕುದುರೆ ಸವಾರರ ದಂಡು ಬಂದಾಗ ಊರು ಬಿಟ್ಟು ಓಡಿದವರು ತಿಂಗಳ ಮೇಲೆ ತಿರುಗಿ ಬಂದು, ಸುಟ್ಟ ಮನೆಗಳ ನಡುವೆ ಹಗೇವು ತೆಗೆದು ಉಂಡರು ಎಂದು ನಮ್ಮಜ್ಜ ಹೇಳುತ್ತಿದ್ದರು. ರಾಜರ ಗುಡಿಗಳಿಗೆ ಪುಟಗಟ್ಟಲೆ ಕೊಟ್ಟ ನಾನು ನಮ್ಮನ್ನು ಬದುಕಿಸಿದ ಈ ಗುಂಡಿಗೆ ಒಂದು ಪುಟ ಕೊಡದಿದ್ದರೆ ಹೇಗೆ ಎನಿಸಿತು. ನನ್ನ ತವರುಮನೆ ಹಿರೇಬೆಂಡಿಗೇರಿಯ ಅಂಗಳದಲ್ಲೇ ಒಂದು ಹಗೇವಿತ್ತು. ನಾನು ಓದಲು ಊರು ಬಿಟ್ಟ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ.

ಆ ಮನೆಯಲ್ಲಿ ಈಗ ನಮ್ಮ ಕಾಕಾ, ಚಿಗವ್ವ, ಅವರ ಮಗ ಇದ್ದಾರೆ. ಆ ಮಗ ನನಗಿಂತ ಎರಡು ವರ್ಷ ದೊಡ್ಡವನು, ಅಣ್ಣ ಎನ್ನುತ್ತೇನೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಕಾಕಾ. ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬರುತ್ತಿದೆ, ಆದರೂ ಬೆಳಗಾದರೆ ಹೊಲಕ್ಕೆ ನಡೆದೇ ಹೋಗುತ್ತಾರೆ. ಒಂದು ಕಾಲಕ್ಕೆ ಓಣಿಯ ಎಲ್ಲ ಹಗೇವುಗಳಿಗೂ ಮೊದಲು ಇಳಿಯುತ್ತಿದ್ದವರು ಅವರೇ. ಅದೊಂದು ವಿದ್ಯೆ. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ, ಗೊತ್ತಿಲ್ಲದೆ ಇಳಿದವರು ಮೇಲೆ ಬರುವುದಿಲ್ಲ. ಅದಕ್ಕೇ ಕಲ್ಲು ಸರಿಸಿ ಒಂದು ರಾತ್ರಿ ಬಾಯಿ ತೆರೆದು ಬಿಡಬೇಕು. ಮುಂಜಾನೆ ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಇಳಿಸಬೇಕು. ಕಂದೀಲು ಆರಿದರೆ ಇಳಿಯಬಾರದು, ಆರದಿದ್ದರೆ ಇಳಿಯಬಹುದು.

ಇನ್ನೊಂದು ಕಟ್ಟಳೆಯೂ ಇತ್ತು. ಇಳಿಯುವವರು ಸುಮ್ಮನಿರಬಾರದು. ಗೋಡೆಯಲ್ಲಿ ಕಾಲಿಡಲು ಕೊರೆದ ಗೂಡುಗಳಿರುತ್ತವೆ. ಒಂದೊಂದು ಗೂಡಿಗೂ ಗಟ್ಟಿಯಾಗಿ ಎಣಿಸುತ್ತ ಇಳಿಯಬೇಕು, ಮೇಲಿದ್ದವರು ಹೂಂಗುಡಬೇಕು. ಜೋಳ ಅಳೆಯುವಾಗಿನ ಹಾಗೆಯೇ ಒಂದು ಎನ್ನುವಂತಿಲ್ಲ, ಲಾಭ ಎಂದು ಶುರುಮಾಡಬೇಕು. ಲಾಭ, ಎರಡು, ಮೂರು. ಎಣಿಕೆ ನಿಂತರೆ ಮೇಲಿನವರು ಏನಾಯಿತು ಎಂದು ಕೇಳುತ್ತ ಕೂರಬಾರದು, ಸೊಂಟದ ಹಗ್ಗ ಜಗ್ಗಿಬಿಡಬೇಕು. ನಮ್ಮ ಹಗೇವಿಗೆ ಒಂಬತ್ತು ಗೂಡು. ಚಿಕ್ಕವಳಿದ್ದಾಗ ನಾನು ಹಗೇವಿನ ಬಾಯಿಯ ಹತ್ತಿರ ಕುಳಿತು ಕಾಕಾನ ಎಣಿಕೆಗೆ ಹೂಂಗುಡುತ್ತಿದ್ದೆ. ಈ ಎಣಿಸುವ ಚಟ ನನಗೆ ಎಲ್ಲಿಂದ ಅಂಟಿತು ಎಂದು ಬೇರೆ ಹುಡುಕಬೇಕಾಗಿಲ್ಲ.

ಬೇಸಿಗೆ ರಜೆಯಲ್ಲಿ, ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ದಿನ ನಾನು ಊರಿಗೆ ಹೋದೆ. ಹಗೇವಿನ ಒಳಗಿನ ಫೋಟೋ ಒಂದು ಬೇಕಾಗಿತ್ತು. ಮಧ್ಯಾಹ್ನದೊಳಗೆ ಕಳಿಸದಿದ್ದರೆ ಆ ಪುಟ ಖಾಲಿ ಬಿಡುತ್ತೇವೆ ಎಂದು ಪ್ರೆಸ್ಸಿನವರು ಹೇಳಿದ್ದರು. ಅಣ್ಣ ಮತ್ತು ನಾನು ಹಾರೆಯಿಂದ ಮಣ್ಣು ಕೆದರಿ ಹಾಸುಗಲ್ಲು ಸರಿಸಿದೆವು. ಹಳೆಯ ಹೊಟ್ಟಿನ ಕಮಟು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನನಗೆ ಬಾಲ್ಯ ನೆನಪಾಗಿ ಖುಷಿಯಾಯಿತು.

ಕಾಕಾ ಬಂದು ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತರು. "ಇವತ್ತ ಬಾಯಿ ತಗದ್ ಬಿಡೂಣು. ನಾಳೆ ಮುಂಜಾನೆ ಇಳೀತೇನಿ" ಎಂದರು.

"ನಾಳೆ ಆಗಂಗಿಲ್ರಿ ಕಾಕಾ. ಇವತ್ತ ಮಧ್ಯಾಹ್ನಕ್ಕ ಕಳಸಬೇಕು."

"ಹಗೇವ ನಿನ್ನ ಪ್ರೆಸ್ಸಿನವ್ರ ಮಾತ ಕೇಳತೈತೇನ ತಂಗಿ?"

"ಖಾಲಿ ಹಗೇವ್ರಿ ಅದು. ಜೋಳ ಇದ್ರ ಕಾವ ಇರತೈತಿ, ಖಾಲಿಯೊಳಗ ಏನ್ ಇರತೈತಿ?"

ಇದನ್ನು ಹೇಳಿದವಳು ನಾನು. ಆ ಧ್ವನಿ ನನ್ನದೇ ಎಂದು ಈಗಲೂ ಗೊತ್ತಾಗುತ್ತದೆ, ತರಗತಿಯಲ್ಲಿ ಎದುರು ಮಾತಾಡುವವರ ಬಾಯಿ ಮುಚ್ಚಿಸುವ ಧ್ವನಿ. ಖಾಲಿಯೆಂದರೆ ಖಾಲಿಯಲ್ಲ, ಇಷ್ಟು ಮಳೆಗಾಲದ ನೀರು ಜಿನುಗಿ ತಳದ ಹೊಟ್ಟೆಲ್ಲ ಕೊಳೆತಿತ್ತು ಎಂಬುದು ಆಮೇಲೆ ತಿಳಿದ ಮಾತು. ಕಾಕಾ ನನ್ನ ಮುಖ ನೋಡಿದರು. ಅವರು ನನಗೆ ಇಲ್ಲ ಎಂದದ್ದು ಕಡಿಮೆ. "ಆತು, ತಾಸೊತ್ತು ಬಿಡೂಣು. ಕಂದೀಲ ಇಳಿಸಿ ನೋಡೂಣು. ಆರಿದ್ರ ನಾ ಒಲ್ಲೆ ನೋಡವಾ ಮತ್ತ" ಎಂದರು.

ಚಿಗವ್ವ ಅಟ್ಟದ ಮೇಲಿನಿಂದ ಕಂದೀಲು ಹುಡುಕಿ ತಂದರು. ಗಾಜು ಒಡೆದಿತ್ತು, ಬತ್ತಿ ಕಲ್ಲಾಗಿತ್ತು. ಚಿಮಣಿ ಎಣ್ಣೆ ಯಾರ ಮನೆಯಲ್ಲಿದೆ ಈಗ? ಓಣಿಯಲ್ಲಿ ನಾಲ್ಕು ಮನೆ ಕೇಳಿಬಂದರೂ ಸಿಗಲಿಲ್ಲ. "ದೇವರ ಮುಂದಿನ ದೀಪ ಕೊಡ್ಲೇನ?" ಎಂದರು ಚಿಗವ್ವ, ಮನಸ್ಸಿಲ್ಲದ ಮನಸ್ಸಿನಿಂದ.

"ಬ್ಯಾಡ ಬಿಡ್ರಿ ಚಿಗವ್ವ, ಇಳಸೂದ್ರಾಗ ಆರಿ ಹೋಗತೈತಿ" ಎಂದೆ ನಾನು. ನನ್ನ ಸ್ಕೂಟಿಯ ಡಿಕ್ಕಿಯಲ್ಲಿ ಚಾರ್ಜಿನ ಲೈಟ್ ಒಂದಿತ್ತು. ಕರೆಂಟು ಹೋದಾಗ ಬೇಕಾಗುತ್ತದೆಂದು ಸದಾ ಇಟ್ಟುಕೊಂಡಿರುತ್ತೇನೆ, ನನ್ನ ಸ್ವಭಾವ ಹಾಗೆ. ನೋಡಲು ಕಂದೀಲಿನ ಆಕಾರವೇ, ಮೇಲೆ ಹಿಡಿಯುವ ಕಡ್ಡಿಯೂ ಇದೆ. ತಂದು ಅಣ್ಣನ ಕೈಗೆ ಕೊಟ್ಟೆ. ಅವನು ಹಗ್ಗ ಕಟ್ಟಿ ಇಳಿಸಿದ. ನಾವು ನಾಲ್ವರೂ ಬಾಯಿಯ ಸುತ್ತ ಬಗ್ಗಿ ನೋಡಿದೆವು. ಬೆಳ್ಳನೆಯ ಬೆಳಕು ಗೋಡೆಯ ಒಂದೊಂದು ಗೂಡನ್ನೂ ತೋರಿಸುತ್ತ ಕೆಳಗಿಳಿದು ತಳ ಮುಟ್ಟಿ ನಿಂತಿತು. ಕಾಕಾ ಪೊರೆ ಬಂದ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಆರಿಲ್ಲಲ್ಲ?"

"ಇಲ್ರಿ, ಛಲೋ ಐತ್ರಿ" ಎಂದೆವು ಅಣ್ಣ ಮತ್ತು ನಾನು ಒಟ್ಟಿಗೇ.

"ಹಂಗಾರ ಹವಾ ಶುದ್ಧ ಐತಿ" ಎಂದರು ಕಾಕಾ.

ಪದವಿ ಓದಿದ ನಾನು, ಡಿಪ್ಲೊಮಾ ಮಾಡಿದ ಅಣ್ಣ, ನೂರಾರು ಸಲ ಹಗೇವಿಗೆ ಇಳಿದ ಕಾಕಾ, ಯಾರಿಗೂ ಹೊಳೆಯಲಿಲ್ಲ. ದೀಪ ಇಳಿಸಬೇಕು ಎಂಬುದು ನೆನಪಿತ್ತು, ಆರಿಲ್ಲವೇ ನೋಡಬೇಕು ಎಂಬುದು ನೆನಪಿತ್ತು. ದೀಪ ಯಾಕೆ ಆರುತ್ತದೆ ಎಂಬುದನ್ನು ಮಾತ್ರ ಮರೆತಿದ್ದೆವು.

ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಕಾಕಾ ಇಳಿಯತೊಡಗಿದರು. ತಳದಲ್ಲಿ ಬಿದ್ದ ಮಣ್ಣು ಬಳಿದು, ಲೈಟನ್ನು ಗೂಡಿನಲ್ಲಿಟ್ಟು ಬರುವುದು, ಆಮೇಲೆ ನಾನು ಮೇಲಿನಿಂದ ಫೋಟೋ ತೆಗೆಯುವುದು ಎಂದು ಮಾತಾಗಿತ್ತು. ಇಳಿಯುವುದನ್ನೂ ಹಿಡಿಯೋಣವೆಂದು ನಾನು ಮೊಬೈಲಿನಲ್ಲಿ ವಿಡಿಯೋ ಶುರುಮಾಡಿದೆ. ಅಣ್ಣ ಹಗ್ಗ ಹಿಡಿದು ನಿಂತಿದ್ದ.

"ಲಾಭ" ಎಂದರು ಕಾಕಾ.

"ಹೂಂ" ಎಂದ ಅಣ್ಣ.

"ಎರಡು."

"ಹೂಂ."

ಮೊಬೈಲಿನಲ್ಲಿ ಕಾಕಾನ ಬಿಳಿ ರುಮಾಲು ಕಾಣುತ್ತಿತ್ತು, ಅದರ ಸುತ್ತ ತಳದಿಂದ ಏಳುತ್ತಿದ್ದ ಬೆಳಕು. ಚಿತ್ರ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ನನಗೆ ಒಳಗೊಳಗೇ ಹಿಗ್ಗು. ಮೂರು, ನಾಲ್ಕು. ಐದಕ್ಕೆ ಅವರ ತಲೆ ನೆಲದ ಮಟ್ಟದಿಂದ ಕೆಳಗಿಳಿಯಿತು. ಬೆಳಕು ಒಂದಿಷ್ಟೂ ಅಲುಗದೆ ಹಾಗೇ ಇತ್ತು. ಗಾಳಿಯಿದ್ದರೂ ಅಲುಗದ ಬೆಳಕು. ಗಾಳಿಯಿಲ್ಲದಿದ್ದರೂ ಅಲುಗದ ಬೆಳಕು. ಅದು ತಲೆಯಲ್ಲಿ ಬಂದ ಕ್ಷಣ ಮೊಬೈಲಿನಿಂದ ಕಣ್ಣು ಕಿತ್ತು ಹಗೇವಿನೊಳಗೆ ಬಗ್ಗಿದೆ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗವನ್ನು ಪಕ್ಕದ ತರಗತಿಯಲ್ಲಿ ವಿಜ್ಞಾನದ ಟೀಚರು ಪ್ರತಿ ವರ್ಷ ಮಾಡುತ್ತಾರೆ, ನಾನು ಕಿಟಕಿಯಿಂದ ನೋಡುತ್ತೇನೆ.

"ಆರು" ಎಂದರು ಕಾಕಾ.

"ಕಾಕಾ, ಮ್ಯಾಲ ಬರ್ರಿ! ಬರ್ರಿ ಮ್ಯಾಲ!" ಎಂದು ಕಿರುಚಿದೆ.

"ಯಾಕವಾ?" ಎನ್ನುತ್ತ ಅವರು ತಲೆ ಎತ್ತಲಿಲ್ಲ. ಕಾಲು ಆಗಲೇ ಮುಂದಿನ ಗೂಡು ಹುಡುಕುತ್ತಿತ್ತು. "ಏಳು."

ಆಮೇಲೆ ಏನೂ ಇಲ್ಲ. ಎಂಟು ಬರಲಿಲ್ಲ. ಅಣ್ಣ ಹೂಂ ಎನ್ನಲು ತೆರೆದ ಬಾಯಿ ಹಾಗೇ ಉಳಿಯಿತು. ಹಗ್ಗ ಒಮ್ಮೆಲೇ ಬಿಗಿಯಾಗಿ ಅವನನ್ನು ಮುಂದಕ್ಕೆ ಎಳೆಯಿತು.

ನಾನು ಮೊಬೈಲು ಬಿಸಾಕಿ ಹಗ್ಗ ಹಿಡಿದೆ. ಇಬ್ಬರೂ ಜಗ್ಗಿದೆವು, ಮೇಲೆ ಬರಲಿಲ್ಲ. ಕಾಕಾ ಪ್ರಜ್ಞೆಯಿಲ್ಲದೆ ಜೋತು ಬಿದ್ದಿದ್ದರು, ಭುಜ ಗೋಡೆಗೆ ಸಿಕ್ಕಿಕೊಂಡಿತ್ತು. ಅಣ್ಣ "ಅಪ್ಪಾ" ಎಂದು ಕೂಗುತ್ತ ಹಗ್ಗವನ್ನು ನನಗೆ ಬಿಟ್ಟು ತಾನೇ ಒಳಗೆ ಕಾಲು ಇಳಿಬಿಡಲು ಹೋದ. ಅಷ್ಟರಲ್ಲಿ ಕೂಗು ಕೇಳಿ ಪಕ್ಕದ ಮನೆಯ ಚಾಚಾ ಓಡಿಬಂದರು. ಅವರು ಕಾಕಾನ ವಾರಿಗೆಯವರು, ಮೊದಲು ಕಾಳಿನ ವ್ಯಾಪಾರ ಮಾಡುತ್ತಿದ್ದವರು, ಎಷ್ಟೋ ಹಗೇವುಗಳ ಬಾಯಿ ಕಂಡವರು. ಬಂದವರೇ ಅಣ್ಣನ ಸೊಂಟವನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಕೆಡವಿದರು.

"ಇಳೀಬ್ಯಾಡ! ಒಬ್ಬಾಂವ ಹೋದ್ರ ಸಾಲದೇನ? ಹಗ್ಗಾ ಜಗ್ಗೋ!"

ಚಾಚಾ ನೆಲದ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು ತೋಳು ಇಳಿಬಿಟ್ಟು ಕಾಕಾನ ಅಂಗಿಯ ಕಾಲರಿಗೆ ಕೈ ಹಾಕಿದರು. ಭುಜ ತಿರುಗಿಸಿದರು. ನಾವು ಜಗ್ಗಿದೆವು. ಚಿಗವ್ವ ನನ್ನ ಬೆನ್ನ ಹಿಂದೆ ನಿಂತು ಸೀರೆಯ ಸೆರಗು ಬಾಯಿಗೊತ್ತಿಕೊಂಡು ಲಾಭ, ಎರಡು, ಮೂರು ಎಂದು ಮೊದಲಿನಿಂದ ಎಣಿಸುತ್ತಿದ್ದರು. ಯಾಕೆ ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಮೇಲೆ ಬಂದ ಕಾಕಾನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಮಲಗಿಸಿ ಚಾಚಾ ಎದೆ ಒತ್ತಿದರು, ಚಿಗವ್ವ ಮೊರದಿಂದ ಗಾಳಿ ಹಾಕಿದರು. ನಾನು ಏನು ಮಾಡಿದೆ ಎಂದು ನೆನಪಿಲ್ಲ. ನನ್ನ ಕೈಯಲ್ಲಿ ಅವರ ಚಪ್ಪಲಿ ಇತ್ತು ಎಂದು ಅಣ್ಣ ಆಮೇಲೆ ಹೇಳಿದ. ಎಷ್ಟು ಹೊತ್ತಾಯಿತೋ, ಒಂದು ಉಸಿರು ಗೊರಕೆಯ ಹಾಗೆ ಸದ್ದು ಮಾಡುತ್ತ ಒಳಗೆ ಹೋಯಿತು. ಎದುರು ಮನೆಯವರ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಕಾಕಾನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದೆ. ಎರಡು ಉಸಿರಿನ ನಡುವೆ ಇಷ್ಟು ಜಾಗ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಡಾಕ್ಟರ್ ಮೇಡಂ ಹೊರಗೆ ಬಂದು, ಈಗಲೇ ಏನೂ ಹೇಳಲಾಗದು, ಎಚ್ಚರವಾದ ಮೇಲೆ ಮಾತು ಸರಿ ಬರುತ್ತದೋ ಇಲ್ಲವೋ ನೋಡಬೇಕು ಎಂದರು. ಆಮೇಲೆ ಅವರೂ ಹಳ್ಳಿಯ ಕಡೆಯವರೇ ಇರಬೇಕು, ಕೇಳಿದರು. "ದೀಪ ಬಿಟ್ಟು ನೋಡಿದ್ರಿಲ್ಲ ಇಳಿಯೋ ಮುಂಚೆ?"

"ಬಿಟ್ಟಿದ್ವಿರಿ ಮೇಡಂ. ಆರಿರ್ಲಿಲ್ರಿ" ಎಂದ ಅಣ್ಣ. ಅವನಿಗೆ ಇನ್ನೂ ಹೊಳೆದಿರಲಿಲ್ಲ.

ನಾನು ಗೋಡೆಗೆ ಆತುಕೊಂಡು ನಿಂತಿದ್ದೆ. ಅದು ಬ್ಯಾಟರಿ ದೀಪ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಡಾಕ್ಟರು ತಲೆಯಾಡಿಸಿ ಒಳಗೆ ಹೋದರು. ಚಿಗವ್ವ ಅಂಗಳದಿಂದ ಎತ್ತಿ ತಂದುಕೊಟ್ಟಿದ್ದ ಫೋನಿಗೆ ಪ್ರೆಸ್ಸಿನವರ ಮೆಸೇಜು ಬಂತು, ಫೋಟೋ ಬಂದಿಲ್ಲ ಮೇಡಂ ಎಂದು. ಬೆಂಚಿನ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದೆ. ಕಾಕಾನಿಗೆ ಮಾತು ಹೋದರೆ? ಎದ್ದು ಕುಳಿತು ನನ್ನನ್ನೇ ಗುರುತಿಸದಿದ್ದರೆ? ಏಳದೇ ಇದ್ದರೆ? ಚಿಗವ್ವ ಪಕ್ಕದಲ್ಲೇ ಕುಳಿತು ನನ್ನ ಬೆನ್ನು ಸವರಿ, ಅಳಬ್ಯಾಡ ತಂಗಿ, ನೀ ಏನ್ ಮಾಡ್ತಿ, ಎಲ್ಲಾ ನಮ್ಮ ಹಣೇಬರ ಎಂದರು. ಆ ಕೈ ನನಗೆ ಸುಡುತ್ತಿತ್ತು.

ಸಂಜೆಗೆ ಕಾಕಾ ಕಣ್ಣು ಬಿಟ್ಟರು. ಮರುದಿನ ಮಾತಾಡಿದರು. ಮೂರನೆಯ ದಿನ ಜೋಳದ ನುಚ್ಚು ಕೇಳಿದರು. ಎಲ್ಲರೂ ದೇವರು ದೊಡ್ಡವನು ಎಂದರು. ನಾನೂ ಎಂದೆ. ಪುಸ್ತಕದಲ್ಲಿ ಹಗೇವಿನ ಪುಟ ತೆಗೆದುಬಿಡಿ ಎಂದು ಪ್ರೆಸ್ಸಿಗೆ ಫೋನ್ ಮಾಡಿ ಹೇಳಿದೆ. ಆ ಜಾಗದಲ್ಲಿ ಸವಣೂರಿನ ವೀಳ್ಯದೆಲೆ ಮತ್ತು ಖಾರ ಎಂಬ ಕುರುಕಲು ತಿನಿಸಿನ ಬಗ್ಗೆ ಅರ್ಧ ಪುಟ ಬರೆದುಕೊಟ್ಟೆ. ಜನ ಅದನ್ನೇ ಹೆಚ್ಚು ಮೆಚ್ಚಿದರು.

ಭಯ ಮಾತ್ರ ಹೋಗಲಿಲ್ಲ. ಊರಿನಿಂದ ಫೋನ್ ಬಂದರೆ ಹಲೋ ಎನ್ನುವ ಮೊದಲೇ ಕಾಕಾ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಕಾಕಾನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಕೆಲವೊಮ್ಮೆ ಮಾತಿನ ನಡುವೆ ತಡೆದು ನಿಲ್ಲುತ್ತಿದ್ದರು. ನಿಂತಾಗಲೆಲ್ಲ ನಾನು ನನ್ನ ಉಸಿರನ್ನೂ ಹಿಡಿಯುತ್ತಿದ್ದೆ. ವಾರಕ್ಕೊಮ್ಮೆ ನೋಡಲು ಹೋಗುತ್ತಿದ್ದೆ. ಬಂದವರಿಗೆಲ್ಲ ಕಾಕಾ ಒಂದೇ ಕಥೆ ಹೇಳುತ್ತಿದ್ದರು. "ಮುಂಜಾನೆ ಬರೇ ಚಾ ಕುಡದಿದ್ದೆ, ಪಿತ್ತ ಆಗಿತ್ತು. ತಲಿ ತಿರಗಿ ಬಿದ್ದೆ. ಹವಾ ಶುದ್ಧಾನ ಇತ್ತು, ದೀಪ ಇಳಿಸಿ ನೋಡಿದ್ವಲ್ಲ." ಹೀಗೆ ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ತಿಳಿದೆ. ಅವರಿಗೆ ಗೊತ್ತಾಗಿದೆ, ಮಗಳಂತೆ ಸಾಕಿದವಳ ಮಾನ ಕಾಯುತ್ತಿದ್ದಾರೆ. ಇದರಿಂದ ನನ್ನ ಸಂಕಟ ಇನ್ನೂ ಹೆಚ್ಚಿತು.

ಚಾಚಾ ಆವತ್ತೇ ಹಗೇವಿನ ಬಾಯಿಗೆ ಹಾಸುಗಲ್ಲು ಎಳೆದುಬಿಟ್ಟಿದ್ದರು. ಲೈಟು ಒಳಗೇ ಉಳಿದಿತ್ತು. ಕಲ್ಲಿನ ಕೆಳಗೆ ಅದು ಬ್ಯಾಟರಿ ಮುಗಿಯುವತನಕ ಬೆಳಗಿಕೊಂಡೇ ಇದ್ದಿರಬೇಕು, ಎಷ್ಟು ತಾಸು ಎಂದು ರಾತ್ರಿ ಲೆಕ್ಕ ಹಾಕುತ್ತಿದ್ದೆ.

ಮಳೆಗಾಲ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಕಾಕಾ ಹೊರಸಿನ ಮೇಲೆ ಕುಳಿತಿದ್ದರು, ಹತ್ತಿರ ಯಾರೂ ಇರಲಿಲ್ಲ. ನಾನು ನೆಲದ ಮೇಲೆ ಕುಳಿತು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಕಾಕಾ, ಅದು ಬ್ಯಾಟರಿ ಲೈಟ್ ಇತ್ರಿ. ಅದಕ್ಕ ಹವಾ ಬೇಕಾಗಂಗಿಲ್ಲ. ಎಂಥಾ ಕೆಟ್ಟ ಹವಾದಾಗನೂ ಆರಂಗಿಲ್ಲ. ನಂದ ತಪ್ಪು. ನೀವು ನನ್ನ ಸಲುವಾಗಿ ಪಿತ್ತ ಅಂತ ಹೇಳಾಕತ್ತೀರಿ. ಇನ್ನ ಹೇಳಬ್ಯಾಡ್ರಿ. ನಂಗ ತಡ್ಯಾಕ ಆಗವಲ್ದು."

ಕಾಕಾ ಹೊರಸಿನ ಸಡಿಲಾದ ಹಗ್ಗವೊಂದನ್ನು ಎಳೆದು ಬಿಗಿದರು.

"ನಿನ್ನ ಸಲುವಾಗಿ ಅಲ್ಲವಾ" ಎಂದರು. "ನನ್ನ ಸಲುವಾಗಿ. ಈ ಓಣಿಯಾಗ ಎಷ್ಟ ಮಂದಿಗೆ ನಾ ಹಗೇವ ಇಳಿಯೂದ ಕಲಿಸೇನಿ. ದೀಪಾ ನೋಡ್ರಿ, ದೀಪಾ ನೋಡ್ರಿ ಅಂತ ಬಾಯಿ ಬಡಕೊಂಡಾಂವ ನಾ. ಅಂಥಾ ನಾ, ಬತ್ತಿ ಇಲ್ಲದ ದೀಪ ನೋಡಿ ಇಳದೆ ಅಂತ ಯಾವ ಬಾಯಿಲೆ ಹೇಳ್ಲಿ? ದವಾಖಾನ್ಯಾಗ ಎಚ್ಚರಾದ ಕೂಡಲೇ ಅದ ಹೊಳೀತು. ಸತ್ತಿದ್ರ ಛಲೋ ಆಕ್ಕಿತ್ತು ಅನಸ್ತು."

ನಾನು ಅವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತೆ. ಇಷ್ಟು ದಿನ ನನ್ನ ತಪ್ಪೇ ಎಲ್ಲಕ್ಕಿಂತ ದೊಡ್ಡದೆಂದು ಹೊತ್ತು ತಿರುಗಿದ್ದೆ. ಪಕ್ಕದಲ್ಲೇ ಕುಳಿತ ಮನುಷ್ಯ ಇದಕ್ಕಿಂತ ಭಾರವಾದದ್ದನ್ನು ಹೊತ್ತಿದ್ದು ನನಗೆ ಕಾಣಲಿಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. "ಅದನ್ನ ಮುಚ್ಚಿಬಿಡೂಣು ತಂಗಿ. ಇನ್ನ ಅದರ ವಿದ್ಯಾ ಯಾರಿಗೂ ಪೂರಾ ನೆಪ್ಪಿಲ್ಲ. ಅರ್ಧಾ ನೆಪ್ಪಿದ್ದವ್ರ ಕೈಯಾಗ ಅದು ಇರಬಾರ್ದು" ಎಂದರು.

ಇತಿಹಾಸ ಕಲಿಸುವವಳಿಗೆ ಇದು ಹಿಡಿಸುವ ಮಾತಲ್ಲ. ಒಂದು ಕ್ಷಣ ಬೇಡ ಎನ್ನಲು ಹೋದೆ, ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ ಮಕ್ಕಳಿಗೆ ತೋರಿಸೋಣ ಎನ್ನಲು ಹೋದೆ. ಆ ಮಕ್ಕಳಲ್ಲಿ ಒಬ್ಬರು ಬಗ್ಗಿ ನೋಡುವುದು ಕಣ್ಣಿಗೆ ಬಂತು. ಆತ್ರಿ ಎಂದೆ.

ಮರುದಿನ ಮುಂಜಾನೆ ಅಣ್ಣ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದ. ಹಾಸುಗಲ್ಲು ಸರಿಸಿ ದೂರ ನಿಂತೆವು. ತಳದಲ್ಲಿ ಲೈಟು ಆರಿ ಬಿದ್ದಿತ್ತು, ಹಗ್ಗ ಅದಕ್ಕೆ ಸುತ್ತಿಕೊಂಡಿತ್ತು. ತೆಗೆಯಲೇನು ಎಂದು ಅಣ್ಣ ಕೇಳಿದ. ಬೇಡ ಎಂದೆ. ಮುಂದೆಂದಾದರೂ ಯಾರಾದರೂ ಅಗೆದು, ಹಗೇವಿನೊಳಗೆ ಈ ಪ್ಲಾಸ್ಟಿಕ್ಕಿನ ದೀಪ ಕಂಡು, ಇದು ಯಾವ ಆಚರಣೆ ಎಂದು ಅವರ ಕಾಲದ ಟೀಚರು ತಲೆ ಕೆರೆದುಕೊಳ್ಳಲಿ.

ಕಾಕಾ ಹೊರಸನ್ನು ಅಂಗಳಕ್ಕೆ ತರಿಸಿಕೊಂಡು ಕುಳಿತರು. ಹಗೇವಿಗೆ ಎಣಿಸದೆ ಏನನ್ನೂ ಹಾಕಬಾರದು, ತಾನೇ ಎಣಿಸುತ್ತೇನೆ ಎಂದರು. ಚಾಚಾ ಅವರ ಪಕ್ಕ ಕುಳಿತು ಹೂಂಗುಡುತ್ತೇನೆ ಎಂದರು. ಅಣ್ಣ ತುಂಬಿ ಕೊಡುವುದು, ನಾನು ಸುರುವುವುದು.

"ಲಾಭ" ಎಂದರು ಕಾಕಾ. ಮೊದಲ ಬುಟ್ಟಿ ಸುರುವಿದೆ. ಮಣ್ಣು ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಬಂದ ಹಾಗೆ ಕೇಳಿಸಿತು.

"ಎರಡು." "ಹೂಂ."

"ಮೂರು." "ಹೂಂ."

ಏಳನೆಯದನ್ನು ಸುರುವಿ ಎಂಟನೆಯ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ನಿಂತೆ. ಕಾಕಾ ಏಳು ಎಂದವರು ಕೆಮ್ಮು ಬಂದು ತಡೆದರು. ಕೆಮ್ಮು ನಿಂತಿತು, ಎಣಿಕೆ ಬರಲಿಲ್ಲ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಹಗೇವಿನ ಬಾಯಿಯನ್ನೇ ನೋಡುತ್ತಿದ್ದರು. ಹಾಕವಾ ಎಂದ ಅಣ್ಣ. ಎಣಿಕೆಯಿಲ್ಲದೆ ನಾನು ಸುರುವಲಿಲ್ಲ.

"ಎಂಟು ಅನ್ರಿ ಕಾಕಾ" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬುಟ್ಟಿಯ ಅಂಚಿನಿಂದ ಮಣ್ಣು ಉದುರುತ್ತಿತ್ತು.

"ಅನ್ರಿ."

"ಎಂಟು" ಎಂದರು ಕಾಕಾ.

"ಹೂಂ" ಎಂದೆ ನಾನು, ಮತ್ತು ಬುಟ್ಟಿ ಸುರುವಿದೆ.